ಅಪ್‌ಡೇಟ್: ಅಟ್ಟದಲ್ಲಿ ಸಿಕ್ಕ ಪೆಟ್ರೋಮ್ಯಾಕ್ಸ್ ಮಾದರಿಯ ಹಳೆಯ ದೀಪ ಮತ್ತೆ ಉರಿಯುತ್ತಿದೆ

ಗಾಳಿಯ ಒತ್ತಡದಿಂದ ಸೀಮೆಎಣ್ಣೆ ಮೇಲೇರಿಸಿ ಉರಿಸುವ ಈ ದೀಪದಲ್ಲಿ ಪಂಪು ಎಷ್ಟು ಹೊಡೆದರೂ ಟ್ಯಾಂಕಿನಲ್ಲಿ ಗಾಳಿ ಉಳಿಯುತ್ತಿಲ್ಲ, ಹಚ್ಚಿದರೆ ಹಳದಿ ಜ್ವಾಲೆ ಎದ್ದು ಹೊಗೆ ಕಾರುತ್ತದೆ ಎಂದು ಹಿಂದೆ ಕೇಳಿದ್ದೆ. ಪಂಪಿನ ಚರ್ಮದ ವಾಷರ್ ಒಣಗಿರಬೇಕೆಂದು ಹಲವರು ಹೇಳಿದ್ದಿರಿ. ಅದು ನಿಜವಾಗಿತ್ತು; ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಿನಿಂದ ಅಗಲಿಸಿ ಕೂಡಿಸಿದ ಮೇಲೆ ಪಂಪು ಗಾಳಿ ಹಿಡಿಯಿತು.

ಆದರೆ ಹೊಡೆದು ಕೈಬಿಟ್ಟ ಕೂಡಲೇ ಪಂಪಿನ ಹಿಡಿ ತಾನಾಗಿಯೇ ಮೇಲೇಳುತ್ತಿತ್ತು, ಬಿಚ್ಚಿ ನೋಡಿದರೆ ಕೊಳವೆಯೊಳಗೆ ಸೀಮೆಎಣ್ಣೆ ತುಂಬಿತ್ತು. ಇದು ಟ್ಯಾಂಕಿಗೆ ಹೋದ ಗಾಳಿ ಹಿಂದೆ ಬರದಂತೆ ತಡೆಯುವ, ಪಂಪಿನ ತಳದಲ್ಲಿರುವ ವಾಲ್ವಿನ ದೋಷ. ಅದರೊಳಗಿನ ಕಡಲೆಕಾಳಿಗಿಂತ ಚಿಕ್ಕದಾದ ರಬ್ಬರು ಕಲ್ಲಿನಂತೆ ಗಟ್ಟಿಯಾಗಿ, ಮಧ್ಯದಲ್ಲಿ ಕುಳಿ ಬಿದ್ದಿತ್ತು. ಎಣ್ಣೆಗೆ ಉಬ್ಬದ ರಬ್ಬರನ್ನು ಅಳವಡಿಸಿ, ಎಲ್ಲ ಜೋಡಣೆಗಳಿಗೂ ಸೋಪಿನ ನೀರು ಹಚ್ಚಿ ಪರೀಕ್ಷಿಸಿದಾಗ ಟ್ಯಾಂಕಿನ ಮೇಲಿನ ಸೀಸದ ವಾಷರಿನ ಬಳಿ ಗುಳ್ಳೆ ಕಾಣಿಸಿತು, ಅದನ್ನೂ ಬದಲಿಸಿದೆ.

ಹಳದಿ ಜ್ವಾಲೆಗೆ ಕಾರಣ ಎರಡು. ಸೀಮೆಎಣ್ಣೆಯ ಆವಿ ಹೊರಚಿಮ್ಮುವ ನಿಪ್ಪಲಿನ ರಂಧ್ರವನ್ನು ಚೊಕ್ಕಟವಾಗಿಡುವ ಸೂಜಿ ಮುರಿದು, ಅದರಲ್ಲಿ ಮಸಿ ಕಟ್ಟಿತ್ತು. ಜೊತೆಗೆ, ಮೊದಲು ಕಾಯಿಸಲು ಹಚ್ಚುವ ಸ್ಪಿರಿಟ್ ಪೂರ್ತಿ ಉರಿದು, ಸೀಮೆಎಣ್ಣೆ ಮೇಲೇರುವ ಕೊಳವೆ ಚೆನ್ನಾಗಿ ಕಾಯದಿದ್ದರೆ ಅದು ಆವಿಯಾಗದೆ ದ್ರವವಾಗಿಯೇ ಹೊರಬರುತ್ತದೆ. ಈ ಹಂತದಲ್ಲಿ ಅವಸರ ಸಲ್ಲದು. ಸೀಮೆಎಣ್ಣೆ ಸಿಗದಿದ್ದರೆ ಪೆಟ್ರೋಲ್ ಹಾಕಿ ಎಂಬ ಸಲಹೆಯನ್ನು ಮಾತ್ರ ದಯವಿಟ್ಟು ಯಾರೂ ಪಾಲಿಸಬಾರದು, ಅದು ನೇರ ಅಪಾಯ.

ಕಾದು ಬೆಳಕು ಬೀರುವ ಬಲೆಯಂಥ ಬಟ್ಟೆಯ ಚೀಲವಾದ ಮ್ಯಾಂಟಲ್‌ಗಳು ಹಳೆಯವಾದರೆ ಅವುಗಳಲ್ಲಿ ವಿಕಿರಣಶೀಲ ಥೋರಿಯಂ ಇರುತ್ತಿದ್ದುದರಿಂದ, ಡಬ್ಬಿಯಲ್ಲಿದ್ದವನ್ನು ಬಿಟ್ಟು ಇಟ್ರಿಯಂನ ಹೊಸದನ್ನು ಕಟ್ಟಿದೆ. ಬೆಳಕು ಈಗ ಬೆಳ್ಳಗೆ, ಅಲುಗದೆ ನಿಂತಿದೆ. ಗಾಜಿನ ಅಂಚು ಮಾತ್ರ ಸೀಳಿದೆ. 500 ಕ್ಯಾಂಡಲ್ (ಬೆಳಕಿನ ಪ್ರಮಾಣ) ದೀಪಕ್ಕೆ ಹೊಂದುವ ಗಾಜು ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆಂದು ತಿಳಿದವರು ದಯವಿಟ್ಟು ತಿಳಿಸಿ.