ಪದಚರ್ಚೆ: ಹ್ಯಾಂಡ್‌ಗನ್, ಡೀಲರ್, ಕನ್ಸೀಲ್ಡ್ ಕ್ಯಾರಿ (ತುರ್ತು)

ಬೆಂಗಳೂರಿನ ಅನುವಾದಕರು:

ಮಾನ್ಯರೆ,

ಅಮೆರಿಕದ ಹ್ಯಾಂಡ್‌ಗನ್ ಉದ್ಯಮವನ್ನು ಕುರಿತ ಲೇಖನವೊಂದನ್ನು ಮಾಸಪತ್ರಿಕೆಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಪುಟಗಳು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುವುದರಿಂದ ತಮ್ಮ ಸಲಹೆ ಇಂದು ರಾತ್ರಿಯೊಳಗೆ ಬೇಕು. ಹ್ಯಾಂಡ್‌ಗನ್ ಎಂಬುದಕ್ಕೆ ಪಿಸ್ತೂಲು ಎಂದು ಬರೆದು ಮುಗಿಸುವಂತಿಲ್ಲ. ಏಕೆಂದರೆ 1980ರ ದಶಕದಿಂದೀಚೆಗೆ ಅಲ್ಲಿನ ಪೊಲೀಸರೂ ಜನರೂ ರಿವಾಲ್ವರನ್ನು ಬಿಟ್ಟು ಪಿಸ್ತೂಲಿಗೆ ಹೊರಳಿದ್ದೇ ಲೇಖನದ ಮೊದಲರ್ಧ, ಎರಡನ್ನೂ ಒಳಗೊಳ್ಳುವ ಪದವಿಲ್ಲದೆ ಆ ಭಾಗ ನಿಲ್ಲುವುದಿಲ್ಲ. ಎರಡನೆಯದು ಡೀಲರ್. ವರ್ತಕ, ವ್ಯಾಪಾರಿ, ವಿತರಕ, ಮಾರಾಟಗಾರ, ಇವುಗಳಲ್ಲಿ ಯಾವುದು? ಮೂರನೆಯದು ಕನ್ಸೀಲ್ಡ್ ಕ್ಯಾರಿ, ಎಂದರೆ ಆತ್ಮರಕ್ಷಣೆಗೆಂದು ಆಯುಧವನ್ನು ಬಟ್ಟೆಯ ಮರೆಯಲ್ಲಿಟ್ಟುಕೊಂಡು ಓಡಾಡುವುದು. ಸದ್ಯ ಕರಡಿನಲ್ಲಿರುವ ವಾಕ್ಯ ಇದು: “2018ರಲ್ಲಿ ಬಂದ ಸಿಗ್ ಸಾವರ್ ಪಿ365, ಅಂಗೈಯಗಲದ ಮೈಯಲ್ಲಿ ಹತ್ತು ಗುಂಡುಗಳನ್ನು ಹಿಡಿಸಿ, ಗುಪ್ತಧಾರಣೆಯ ಹ್ಯಾಂಡ್‌ಗನ್‌ಗಳ ಮಾರುಕಟ್ಟೆಯನ್ನೇ ಬದಲಿಸಿತು.”

ಧಾರವಾಡದ ಸದಸ್ಯರು:

ಕೈಗೋವಿ. ಕೈಗನ್ನಡಿ, ಕೈಗಾವಲು, ಕೈಗಡ ಇರುವ ಭಾಷೆಯಲ್ಲಿ ಇದಕ್ಕೆ ಚರ್ಚೆಯೇ ಬೇಕಿರಲಿಲ್ಲ. ಕೊಳವೆ ಎಂಬರ್ಥದ ಕೋವಿ ನಮ್ಮದೇ ಮಾತು. ಮದ್ದು ಬರುವ ಮೊದಲೂ ಈ ಪದ ಇತ್ತು, ಮದ್ದು ಬಂದ ಮೇಲೆ ಆಯುಧಕ್ಕೂ ಒದಗಿತು. ಬಂದೂಕು ಅರಬ್ಬಿಯಿಂದ ಬಂದದ್ದು, ತುಪಾಕಿ ತುರ್ಕಿಯದು, ಪಿಸ್ತೂಲು ಪಡುವಣದವರ ಹಡಗಿನಲ್ಲಿ ಇಳಿದದ್ದು. ಹೊಡೆಯುವ ಕೀಲಿಗೆ ಕುದುರೆ ಎಂದು ಹೆಸರಿಟ್ಟ ಜನ ಕೈಯಲ್ಲಿ ಹಿಡಿಯುವ ಕೋವಿಗೆ ಹೆಸರಿಡಲಾರದೆ ಪರದಾಡಬೇಕಿಲ್ಲ. ಕನ್ಸೀಲ್ಡ್ ಕ್ಯಾರಿಯ ಆಯುಧ ಮರೆಗೋವಿ, ಡೀಲರ್ ಮಾರುಗ.

ಮೈಸೂರಿನ ಸದಸ್ಯರು:

ಪರಂಪರೆಯಲ್ಲಿಯೇ ಪದವಿದೆ. ಶುಕ್ರನೀತಿ ಎಂಬ ಸಂಸ್ಕೃತ ರಾಜನೀತಿ ಗ್ರಂಥದಲ್ಲಿ ನಾಲಿಕವೆಂಬ ಆಯುಧವನ್ನು ಬೃಹನ್ನಾಲಿಕ ಮತ್ತು ಲಘುನಾಲಿಕ ಎಂದು ವಿಂಗಡಿಸಿ ಹೇಳಲಾಗಿದೆ. ಲಘುನಾಲಿಕವನ್ನೇ ಹ್ಯಾಂಡ್‌ಗನ್‌ಗೆ ಬಳಸಬಹುದು; ಸಮಸ್ತ ಭಾರತೀಯ ಭಾಷೆಗಳಿಗೂ ಅದು ಸಲ್ಲುತ್ತದೆ.

ಧಾರವಾಡದ ಸದಸ್ಯರು:

ಆ ಶ್ಲೋಕಗಳನ್ನು ಬಂದೂಕು ಕಂಡವರೇ ಬರೆದು ಸೇರಿಸಿದ್ದೆಂದು ವಿದ್ವಾಂಸರು ಎಂದೋ ತೋರಿಸಿಕೊಟ್ಟಿದ್ದಾರೆ. ಅಲ್ಲದೆ ಅಲ್ಲಿನ ಲಘುನಾಲಿಕ ಕಾಲಾಳು ಹೆಗಲಿಗೆ ಹೊರುವ ಉದ್ದನೆಯ ಬಂದೂಕು, ಕೈಯಳತೆಯದಲ್ಲ. ಮುಂದಕ್ಕೆ ಹೋಗೋಣ.

ಮಡಿಕೇರಿಯ ಸದಸ್ಯರು:

ಧಾರವಾಡದ ಹಿರಿಯರ ಸಂಧಿ ಸರಿಯಾಗಿದೆ, ಪದ ಸರಿಯಿಲ್ಲ. ಕೊಡಗು, ಮಲೆನಾಡುಗಳಲ್ಲಿ ಕೋವಿ ಎಂದರೆ ಉದ್ದ ನಳಿಕೆಯ, ಹೆಗಲಿಗೆ ಕೊಟ್ಟು ಹೊಡೆಯುವ ಆಯುಧವೇ ಹೊರತು ಬೇರೆಯಲ್ಲ. ಒಂಟಿ ನಳಿಕೆ ಕೋವಿ, ಜೋಡು ನಳಿಕೆ ಕೋವಿ ಎನ್ನುತ್ತೇವೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಮನೆಯೊಳಗೆ ಸಾಲಾಗಿ ಇಟ್ಟು, ನಳಿಕೆಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂವನ್ನು ಸಿಕ್ಕಿಸಿ ಪೂಜಿಸುವುದು ಅದನ್ನೇ. ಕೈಗೋವಿ ಎಂದು ಅಚ್ಚಾದರೆ ನಮ್ಮ ಕಡೆಯ ಓದುಗ, ನಳಿಕೆಯನ್ನು ಗರಗಸದಿಂದ ಕೊಯ್ದು ಮೋಟು ಮಾಡಿದ ಕಳ್ಳಬೇಟೆಯ ಕೋವಿ ಎಂದುಕೊಳ್ಳುತ್ತಾನೆ.

ಆತ್ಮರಕ್ಷಣೆಯನ್ನು ಯಾರೂ ಮುಟ್ಟಬೇಡಿ. ಪರವಾನಗಿ ಕೇಳುವವರು ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಎಂದು ಬರೆಯುವುದು ಎಲ್ಲರಿಗೂ ಬಳಕೆಯಾದ ಮಾತು. ಹುಟ್ಟಿನಿಂದ ಕೊಡವರಾದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿದಾಗ ಪತ್ರಿಕೆಗಳು ಬರೆದದ್ದೂ ಕೋವಿಯ ಹಕ್ಕು ಎಂದೇ. ಅಲ್ಲಿ ಯಾರ ಮನಸ್ಸಿನಲ್ಲಿಯೂ ಪಿಸ್ತೂಲು ಇರಲಿಲ್ಲ.

ಧಾರವಾಡದ ಸದಸ್ಯರು:

ಒಂದು ಜಿಲ್ಲೆಯ ರೂಢಿ ನಾಡಿನ ವ್ಯಾಕರಣವಾಗದು.

ಟೆಕ್ಸಾಸ್‌ನಲ್ಲಿರುವ ಸದಸ್ಯರು:

ಹ್ಯಾಂಡ್‌ಗನ್ ಬಗ್ಗೆ ತಾವುಗಳು ತೀರ್ಮಾನಿಸಿ. ಡೀಲರ್ ಬಗ್ಗೆ ಮಾತ್ರ ಹೇಳಬೇಕಾಗಿದೆ, ಏಕೆಂದರೆ ಮಾರುಗ, ವರ್ತಕ ಎಂದು ಬರೆದರೆ ಲೇಖನದ ಎರಡನೆಯ ಅರ್ಧ ಅರ್ಥವಾಗುವುದೇ ಇಲ್ಲ.

ಇಲ್ಲಿ ಡೀಲರ್ ಎಂದರೆ ಅಂಗಡಿ ಇಟ್ಟವನಷ್ಟೇ ಅಲ್ಲ, 1968ರ ಕಾಯಿದೆಯಂತೆ ಕೇಂದ್ರದ ಪರವಾನಗಿ ಪಡೆದು, ಪ್ರತಿ ಆಯುಧದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಲು ಬದ್ಧನಾದವನು. ಬೇರೆ ರಾಜ್ಯದ ಅಂಗಡಿಯಿಂದ ಪಿಸ್ತೂಲೊಂದನ್ನು ಅಂತರಜಾಲದಲ್ಲಿ ಕೊಂಡರೂ ಅದು ಮನೆ ಬಾಗಿಲಿಗೆ ಬರುವಂತಿಲ್ಲ. ಕೊಂಡವನ ರಾಜ್ಯದ ಡೀಲರೊಬ್ಬನ ಅಂಗಡಿಗೆ ಬರಬೇಕು, ಅಲ್ಲಿ ಗಲ್ಲೆಯ ಮುಂದೆ ನಿಂತು 4473 ಎಂಬ ನಮೂನೆಯನ್ನು ತುಂಬಬೇಕು, 1998ರಿಂದ ನಡೆಯುತ್ತಿರುವ ಪೂರ್ವಾಪರ ತಪಾಸಣೆಯಲ್ಲಿ ಹೆಸರು ತೇರ್ಗಡೆಯಾಗಬೇಕು, ಡೀಲರನಿಗೆ ವರ್ಗಾವಣೆಯ ಶುಲ್ಕ ಕೊಡಬೇಕು. ಅಂದರೆ ತಾನು ಮಾರದ ಸರಕನ್ನೂ ಆತ ಕೈ ದಾಟಿಸುತ್ತಾನೆ. ಮಾರುಗ ಎಂಬ ಪದ ಇಲ್ಲಿ ಸುಳ್ಳಾಗುತ್ತದೆ.

ವಿತರಕ ಎನ್ನುವುದಂತೂ ಬೇಡವೇ ಬೇಡ. ತಯಾರಕರ ಸರಕು ಹೆಚ್ಚಾಗಿ ಡಿಸ್ಟ್ರಿಬ್ಯೂಟರ್ ಎಂಬ ಸಗಟುದಾರರ ಮೂಲಕ ಡೀಲರುಗಳಿಗೆ ಇಳಿಯುತ್ತದೆ. ವಿತರಕ ಆ ನಡುವಿನವನಿಗೆ ಮೀಸಲಾಗಿರಲಿ. ಈ ಮೂವರ ಸಂಬಂಧ ಎಂಥದ್ದೆಂಬುದಕ್ಕೆ ಸ್ಮಿತ್ ಅಂಡ್ ವೆಸನ್ ಕಂಪನಿಯ ಪ್ರಸಂಗ ಸಾಕು. ಆ ಕಂಪನಿ 2000ನೇ ಇಸವಿಯ ಮಾರ್ಚಿಯಲ್ಲಿ ಕ್ಲಿಂಟನ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ತನ್ನ ಆಯುಧ ಮಾರುವ ಡೀಲರುಗಳು ಇಂತಿಂಥ ನಡವಳಿಕೆಗೆ ಬದ್ಧರಾಗಿರಬೇಕೆಂದು ಒಪ್ಪಿತು. ಗಿರಾಕಿಗಳು ಬಹಿಷ್ಕಾರ ಹಾಕಿದರು, ಹಲವು ಡೀಲರುಗಳು ಅದರ ಸರಕನ್ನೇ ಇಡುವುದನ್ನು ಬಿಟ್ಟರು. ಮರುವರ್ಷ ಅದರ ಬ್ರಿಟಿಷ್ ಒಡೆಯರು, 1987ರಲ್ಲಿ 11 ಕೋಟಿ ಡಾಲರಿಗೂ ಮಿಗಿಲಾಗಿ ಕೊಟ್ಟು ಕೊಂಡಿದ್ದ ಆ ಕಂಪನಿಯನ್ನು ಸಾಲದ ಹೊರೆಯ ಸಮೇತ ಒಂದೂವರೆ ಕೋಟಿ ಡಾಲರಿಗೆ ಮಾರಿ ಕೈ ತೊಳೆದುಕೊಂಡರು. ಇಂಥ ಬಲವಿದ್ದವನಿಗೆ ಟ್ರ್ಯಾಕ್ಟರಿನ ಡೀಲರ್, ಗೊಬ್ಬರದ ಡೀಲರ್ ಎಂದು ನಮ್ಮ ರೈತರೇ ಬಳಸುವ ಪದವಿರುವಾಗ ಬೇರೆ ಹುಡುಕುವುದೇಕೆ?

ಗುಪ್ತಧಾರಣೆಯೂ ಸರಿಯಲ್ಲ. ಗುಪ್ತ ಎಂದೊಡನೆ ಅಪರಾಧದ ವಾಸನೆ ಬರುತ್ತದೆ. ಇದಾದರೋ ಕಾನೂನು ಒಪ್ಪಿದ ನಡೆ. ಫ್ಲಾರಿಡ 1987ರಲ್ಲಿ ಅರ್ಹರೆಲ್ಲರಿಗೂ ಪರವಾನಗಿ ಕೊಡತೊಡಗಿದ ಮೇಲೆ ಇದು ರಾಜ್ಯದಿಂದ ರಾಜ್ಯಕ್ಕೆ ಹಬ್ಬಿತು, 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಬೇಡವೆಂದಾಯಿತು. ಚಿಕ್ಕ ಪಿಸ್ತೂಲುಗಳಿಗೆ ಬಂದ ಬೇಡಿಕೆಗೆ ಇದೂ ಒಂದು ದೊಡ್ಡ ಕಾರಣ.

ಶಿರಸಿಯ ಸದಸ್ಯರು:

ಧಾರಣೆಗೆ ನನ್ನದೂ ಆಕ್ಷೇಪವಿದೆ. ನಮ್ಮಲ್ಲಿ ಧಾರಣೆ ಎಂದರೆ ಅಡಕೆ, ಕಾಳುಮೆಣಸುಗಳ ಪೇಟೆ ದರ. ಗುಪ್ತಧಾರಣೆ ಎಂದು ಓದಿದವರು ಮಂಡಿಯಲ್ಲಿ ಕಿವಿಮಾತಿನ ವ್ಯಾಪಾರ ನಡೆದಿದೆ ಎಂದುಕೊಂಡಾರು. ಮರೆಯಲ್ಲಿ ಒಯ್ಯುವುದು ಎಂದು ಬಿಡಿಸಿ ಬರೆಯಿರಿ. ಎಲ್ಲವನ್ನೂ ಒಂದೇ ಪದಕ್ಕೆ ತುರುಕಬೇಕೆಂಬ ಹಟ ಇಂಗ್ಲಿಷಿನಿಂದ ಬಂದದ್ದು, ಕನ್ನಡದ್ದಲ್ಲ.

ಧಾರವಾಡದ ಸದಸ್ಯರು:

ಡೀಲರ್, ಡಿಸ್ಟ್ರಿಬ್ಯೂಟರ್, ರಿವಾಲ್ವರ್ ಎಂದು ಸಾಲಾಗಿ ಬರೆಯುವುದಾದರೆ ಅನುವಾದವೆಂಬ ಶ್ರಮ ಏತಕ್ಕೆ? ಟ್ರ್ಯಾಕ್ಟರಿನ ಡೀಲರ್ ಎಂದು ರೈತ ಹೇಳುವುದು ಫಲಕದಲ್ಲಿ ಹಾಗೆ ಬರೆದು ಅವನ ಮುಂದೆ ನಿಲ್ಲಿಸಿದ್ದರಿಂದ. ಅವನನ್ನು ಕೇಳಿ ಯಾರೂ ಫಲಕ ಬರೆಸಲಿಲ್ಲ.

ಮಡಿಕೇರಿಯ ಸದಸ್ಯರು:

ಪರವಾನಗಿ, ಕಾನೂನು, ಸರ್ಕಾರ, ತಯಾರಿ, ಗಿರಾಕಿ, ಇವೆಲ್ಲವೂ ಯಾರನ್ನೂ ಕೇಳದೆ ಬಂದವೇ. ಬಂದೂಕಿಗೆ ಮಾತ್ರ ಬಾಗಿಲು ಹಾಕುವುದರಲ್ಲಿ ಯಾವ ನ್ಯಾಯವೂ ಕಾಣುವುದಿಲ್ಲ. ಉದ್ದದ್ದು, ಗಿಡ್ಡದ್ದು ಎಂಬ ಹಟ ಬಂದೂಕಿಗೆ ಕೋವಿಯಷ್ಟು ಇಲ್ಲವಾದ್ದರಿಂದ ಕೈಬಂದೂಕು ಎನ್ನಿ.

ಧಾರವಾಡದ ಸದಸ್ಯರು:

ಕೈಬಂದೂಕು ಅರಿಸಮಾಸ.

ಮೈಸೂರಿನ ಸದಸ್ಯರು:

ಲಘುನಾಲಿಕವನ್ನು ತಳ್ಳಿಹಾಕಿದಿರಿ, ಅದಕ್ಕೆ ನಾನು ಮರುಮಾತಾಡಲಿಲ್ಲ. ಆದರೆ ಅರಿಸಮಾಸದ ನಿಷೇಧ ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಕೂಟವಾದಾಗಿನದು. ಅರಬ್ಬಿಯಿಂದ ಬಂದು, ಉಕಾರಾಂತವಾಗಿ, ಬಂದೂಕಿನ, ಬಂದೂಕಿಗೆ ಎಂದು ಕನ್ನಡದ ವಿಭಕ್ತಿಗಳನ್ನೆಲ್ಲ ಹೊತ್ತು ತಿರುಗುತ್ತಿರುವ ಪದಕ್ಕೆ ಅದನ್ನು ಹಚ್ಚುವುದು ಶಾಸ್ತ್ರವನ್ನು ಇಲ್ಲದ ಕಡೆಗೆ ಎಳೆದಂತೆ.

ಬೆಂಗಳೂರಿನ ಅನುವಾದಕರು:

ಎಲ್ಲರಿಗೂ ವಂದನೆಗಳು. ಕೈಬಂದೂಕು ಎಂದು ಇಟ್ಟುಕೊಂಡು, ಮೊದಲ ಬಾರಿ ಬಂದಲ್ಲಿ “ಪಿಸ್ತೂಲು, ರಿವಾಲ್ವರ್ ಎರಡೂ ಸೇರಿದಂತೆ” ಎಂದು ಸೇರಿಸಿದ್ದೇನೆ. ಡೀಲರ್ ಹಾಗೆಯೇ ಉಳಿದಿದೆ, ಡಿಸ್ಟ್ರಿಬ್ಯೂಟರ್ ಎಂಬುದು ವಿತರಕ ಆಗಿದೆ. ವಾಕ್ಯ ಈಗ ಹೀಗಿದೆ: “2018ರಲ್ಲಿ ಬಂದ ಸಿಗ್ ಸಾವರ್ ಪಿ365, ಅಂಗೈಯಗಲದ ಮೈಯಲ್ಲಿ ಹತ್ತು ಗುಂಡುಗಳನ್ನು ಹಿಡಿಸಿ, ಆತ್ಮರಕ್ಷಣೆಗೆಂದು ಮರೆಯಲ್ಲಿ ಒಯ್ಯುವ ಕೈಬಂದೂಕುಗಳ ಮಾರುಕಟ್ಟೆಯನ್ನೇ ಬದಲಿಸಿತು.”

ಮಡಿಕೇರಿಯ ಸದಸ್ಯರು:

ಗುಂಡು ಅಲ್ಲ, ತೋಟಾ. ಒಳಗೆ ತುಂಬುವುದು ತೋಟಾ, ಹೊಡೆದಾಗ ಹೊರಗೆ ಹಾರುವುದು ಗುಂಡು. ಪುಟ ಇನ್ನೂ ಕೈಯಲ್ಲಿದ್ದರೆ ತಿದ್ದಿಬಿಡಿ.