ಡೈರಿಗೆ ಕಾಗದದ ಕಿಸೆ: ನಮ್ಮ ಮಳೆಗಾಲವನ್ನು ತಾಳುವ ಹಾಗೆ ಮಾಡುವುದು ಹೇಗೆ?

ಕೇಳಿದವರು, ಉಡುಪಿಯಿಂದ

ಅಮ್ಮನಿಗೆ ಎಪ್ಪತ್ತು ದಾಟಿದೆ. ದಿನಾ ರಾತ್ರಿ ನೋಟ್‌ಬುಕ್‌ನಲ್ಲಿ ಅರ್ಧ ಪುಟವಾದರೂ ಬರೆಯುತ್ತಾರೆ. ಯಾರು ಬಂದರು, ಹಾಲಿಗೆ ಎಷ್ಟು ಕೊಟ್ಟದ್ದು, ಪತ್ರೊಡೆಗೆ ಹುಳಿ ಎಷ್ಟು ಹಾಕಿದ್ದು, ಎಲ್ಲ ಅದರಲ್ಲಿದೆ. ಜೊತೆಗೆ ಬಸ್ ಟಿಕೆಟು, ಫೋಟೋ, ಮೊಮ್ಮಗಳ ಚಿತ್ರ, ದೇವಸ್ಥಾನದ ಸೇವಾ ರಶೀದಿ ಇವೂ ಪುಟಗಳ ನಡುವೆ ಇರುತ್ತವೆ. ಪುಸ್ತಕ ಎತ್ತಿದರೆ ಸಾಕು, ಅರ್ಧ ಕೆಳಗೆ ಬೀಳುತ್ತದೆ.

ಅದಕ್ಕೇ ಕಳೆದ ವರ್ಷ ಮಿರಿಮಿರಿ ಗಿಫ್ಟ್ ಪೇಪರಿನಲ್ಲಿ ನಾಲ್ಕು ಕಿಸೆ ಮಾಡಿ, ಡಬಲ್ ಸೈಡ್ ಟೇಪ್ ಹಾಕಿ ಪುಟಗಳಿಗೆ ಅಂಟಿಸಿಕೊಟ್ಟೆ. ಆಟಿ ತಿಂಗಳು (ಜುಲೈ–ಆಗಸ್ಟ್) ಮುಗಿಯುವುದರೊಳಗೆ ಎರಡು ಕಳಚಿಬಿದ್ದವು. ಒಂದರೊಳಗೆ ಅಪ್ಪನ ಫೋಟೋ ಅಂಟಿಕೊಂಡಿತ್ತು. ನಾನು ಬಿಡಿಸಲು ಹೋದಾಗ ಮೂಲೆ ಹರಿಯಿತು. ಅಮ್ಮ ಏನೂ ಹೇಳಲಿಲ್ಲ, ಹರಿದ ಚೂರನ್ನು ಎತ್ತಿಟ್ಟುಕೊಂಡರು.

ಈ ಸಲ ಸರಿಯಾಗಿ ಮಾಡಬೇಕು. ನೋಟ್‌ಬುಕ್ ಎ5 ಅಳತೆಯದು. ಯಾವ ಕಾಗದ, ಯಾವ ಅಂಟು, ಹೇಗೆ ಮಡಿಸುವುದು? ಮಾಡಿ ಅನುಭವ ಇದ್ದವರು ಹೇಳಿ.

ಉತ್ತರ, ಮಂಗಳೂರಿನಿಂದ, ಬೈಂಡಿಂಗ್ ಮನೆಯವರು

ಅಕ್ಕ, ಅಪ್ಪನ ಫೋಟೋ ವಿಷಯ ಓದಿ ಬೇಸರ ಆಯ್ತು. ಅದು ಹೇಗಾಯಿತು ಅಂತ ಮೊದಲು ಹೇಳುತ್ತೇನೆ, ಕಾಗದ ಆರಿಸುವಾಗ ಉಪಯೋಗ ಆಗುತ್ತದೆ. ಹಳೆಯ ಫೋಟೋದ ಮೇಲ್ಮೈಯಲ್ಲಿ ಜೆಲಾಟಿನ್ ಪದರ ಇರುತ್ತದೆ. ತೇವ ಹೀರಿದರೆ ಅದು ಮೆತ್ತಗಾಗುತ್ತದೆ. ಎದುರಿಗೆ ನುಣುಪಾದ ಕಾಗದ ಇದ್ದರೆ ಎರಡೂ ಕಚ್ಚಿಕೊಳ್ಳುತ್ತವೆ. ಜುಲೈಯಲ್ಲಿ ನಮ್ಮ ಗಾಳಿಯ ತೇವಾಂಶ ಶೇ. 85 ದಾಟಿರುತ್ತದೆ. ಶೇ. 70ರ ಆಚೆ ಹೋದರೇ ಬೂಷ್ಟು ಹಿಡಿಯಲು ಸಾಕು. ಹಾಗಾಗಿ ಫೋಟೋ ತಾಗುವ ಕಡೆ ಹೊಳಪಿನ ಕಾಗದ ಬೇಡವೇ ಬೇಡ.

ನನ್ನ ತಂದೆ ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದರು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1841ರಲ್ಲಿ ಇಲ್ಲಿ ಅಚ್ಚುಕೂಟ ಹಾಕಿದ ಕಾಲದಿಂದ ಈ ಊರಿಗೆ ಕಾಗದ ಮಡಿಸುವ ಕೆಲಸ ಗೊತ್ತು. ಈಗಲೂ ಬೈಂಡಿಂಗ್ ಅಂಗಡಿಗೆ ಹೋಗಿ ಕೇಳಿದರೆ ಕತ್ತರಿಸಿ ಉಳಿದ ಒಳ್ಳೆಯ ಕಾಗದದ ತುಂಡುಗಳು ಸಿಗುತ್ತವೆ. ನಿಮ್ಮ ಕೆಲಸಕ್ಕೆ ಅದೇ ಧಾರಾಳ.

ತಂದೆ ನನಗೆ ಮೊದಲು ಕಲಿಸಿದ್ದು ಅಂಟು ಹಚ್ಚುವುದನ್ನಲ್ಲ, ಕಾಗದದ ನಾರು ನೋಡುವುದನ್ನು. ನಮ್ಮ ಕಡೆ ಹಾಳೆ ಅಂದರೆ ಮೊದಲು ಅಡಿಕೆ ಹಾಳೆಯೇ ಅಲ್ವಾ? ನಾರಿನ ಉದ್ದಕ್ಕೆ ಅದನ್ನು ಸುರುಳಿ ಸುತ್ತಿದರೆ ಹೇಳಿದ ಹಾಗೆ ಕೇಳುತ್ತದೆ. ನಾರಿಗೆ ಅಡ್ಡ ಮಡಿಸಿದರೆ ಲಟಕ್ಕನೆ ಮುರಿಯುತ್ತದೆ. ಬರೆಯುವ ಹಾಳೆಗೂ ಅದೇ ಗುಣ. ಮಿಲ್ಲಿನಲ್ಲಿ ಕಾಗದ ಓಡುವ ದಿಕ್ಕಿಗೇ ನಾರುಗಳು ಸಾಲುಗಟ್ಟುತ್ತವೆ. ಆ ದಿಕ್ಕಿಗೆ ಮಡಿಸಿದರೆ ಗೀಟು ಎಳೆದಷ್ಟು ನೇರ. ಅಡ್ಡ ಮಡಿಸಿದರೆ ಮಡಿಕೆಯ ಬೆನ್ನು ಒಡೆದು ಬಿಳಿ ಬಿಳಿ ಕಾಣುತ್ತದೆ, ನಾಲ್ಕು ಸಲ ತೆರೆದು ಮುಚ್ಚುವಷ್ಟರಲ್ಲಿ ಹರಿಯಲು ಶುರು. ಇನ್ನೊಂದು ಸಂಗತಿ, ತೇವ ಕುಡಿದ ನಾರು ಉದ್ದಕ್ಕಿಂತ ಅಗಲಕ್ಕೆ ಜಾಸ್ತಿ ಹಿಗ್ಗುತ್ತದೆ. ನಾರಿನ ದಿಕ್ಕು ಒಂದಕ್ಕೊಂದು ಅಡ್ಡ ಇರುವ ಎರಡು ಕಾಗದ ಅಂಟಿಸಿದರೆ ಮಳೆಗಾಲದಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗುವುದು ಇದರಿಂದಲೇ.

ದಿಕ್ಕು ಕಂಡುಹಿಡಿಯುವುದು ಸುಲಭ. ಕಾಗದವನ್ನು ಮಡಿಕೆ ಬೀಳದ ಹಾಗೆ ಅರ್ಧಕ್ಕೆ ಬಾಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಆಮೇಲೆ ಇನ್ನೊಂದು ಕಡೆಯಿಂದ ಬಾಗಿಸಿ. ಯಾವ ಕಡೆ ಕೈಗೆ ಕಡಿಮೆ ಎದುರೊತ್ತುತ್ತದೋ ಆ ಮಡಿಕೆಯ ಉದ್ದಕ್ಕೆ ನಾರು. ಸಂಶಯ ಇದ್ದರೆ ಎರಡು ಇಂಚಿನ ಒಂದು ತುಂಡು ಕತ್ತರಿಸಿ ಒಂದೇ ಬದಿಗೆ ನೀರು ಸವರಿ. ಅದು ತಾನಾಗಿ ನಳಿಗೆಯ ಹಾಗೆ ಸುರುಳುತ್ತದೆ. ನಳಿಗೆಯ ಉದ್ದವೇ ನಾರಿನ ದಿಕ್ಕು.

ಈಗ ಫೋಲ್ಡರ್. ಒಂದು ಎ4 ಹಾಳೆ ಸಾಕು, ನಾರು ಉದ್ದಕ್ಕೆ ಇರುವುದನ್ನು ಆರಿಸಿ. ಅಂಗಡಿಯ ಎ4 ಹೆಚ್ಚಾಗಿ ಹಾಗೇ ಇರುತ್ತದೆ. ದಪ್ಪ 120ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ) ಇರಲಿ, ಡ್ರಾಯಿಂಗ್ ಶೀಟ್ ಆಗುತ್ತದೆ. ಝೆರಾಕ್ಸ್ ಕಾಗದ 70–80, ಅದು ತೆಳುವಾಯಿತು. 200 ದಾಟಿದರೆ ಪುಸ್ತಕ ಉಬ್ಬುತ್ತದೆ.

ಹಾಳೆಯನ್ನು ನೆಟ್ಟಗೆ ಇಡಿ, ಅಗಲ 21 ಸೆಂ.ಮೀ., ಎತ್ತರ 29.7. ಕೆಳಗಿನಿಂದ 9.7 ಸೆಂ.ಮೀ. ಅಳೆದು ಅಡ್ಡ ಗೆರೆ ಹಾಕಿ ಮೇಲಕ್ಕೆ ಮಡಿಸಿ. ಈಗ ಎತ್ತರ ಸರಿಯಾಗಿ 20. ಆಮೇಲೆ ನಡುವೆ ಉದ್ದುದ್ದ ಮಡಿಸಿ. ಸಿಗುವುದು ಹತ್ತೂವರೆಗೆ ಇಪ್ಪತ್ತು ಸೆಂ.ಮೀ. ಅಳತೆಯ, ಒಳಗೆ ಎರಡು ಕಿಸೆ ಇರುವ ಫೋಲ್ಡರ್. ಎ5 ಅಂದರೆ 14.8ಕ್ಕೆ 21, ಎಲ್ಲೂ ಹೊರಗೆ ಇಣುಕದೆ ಒಳಗೇ ಕೂರುತ್ತದೆ. ದಿನಾ ತೆರೆದು ಮುಚ್ಚುವ ನಡುಮಡಿಕೆ ನಾರಿನ ಉದ್ದಕ್ಕೇ ಬಂತು. ಅಡಿಯ ಮಡಿಕೆ ಮಾತ್ರ ನಾರಿಗೆ ಅಡ್ಡ, ಆದರೆ ಅದನ್ನು ಮತ್ತೆ ಮತ್ತೆ ಬಿಚ್ಚುವುದಿಲ್ಲವಲ್ಲ.

ಮಡಿಸುವ ಮೊದಲು ಗೆರೆ ಒತ್ತಲೇಬೇಕು. ಶಾಯಿ ಮುಗಿದ ಬಾಲ್‌ಪೆನ್ನನ್ನು ಸ್ಟೀಲ್ ಸ್ಕೇಲಿಗೆ ತಾಗಿಸಿ ಎರಡು ಸಲ ಎಳೆಯಿರಿ. ಬೆರಳು ಸವರಿದರೆ ಸಣ್ಣ ಚರಂಡಿಯ ಹಾಗೆ ಸಿಗಬೇಕು, ಕಾಗದ ಕತ್ತರಿಸಬಾರದು. ನಡುವೆ ಒಂದು ಗೆರೆಯ ಬದಲು 3 ಮಿ.ಮೀ. ಬಿಟ್ಟು ಎರಡು ಗೆರೆ ಒತ್ತಿ. ಆ ಮೂರು ಮಿಲಿಮೀಟರೇ ಫೋಲ್ಡರಿನ ಬೆನ್ನು. ಅದಿಲ್ಲದಿದ್ದರೆ ಹತ್ತು ರಶೀದಿ ತುಂಬಿಸಿದ ಕೂಡಲೇ ಬಾಯಿ ಬಿಡುತ್ತದೆ. ಮಡಿಸಿದ ಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ಒಮ್ಮೆ ಉಜ್ಜಿ.

ಕಿಸೆಯ ಹೊರಗಿನ ಎರಡು ಅಂಚು ತೆರೆದಿರುತ್ತದೆ, ಅದನ್ನು ಹೊಲಿಯಬೇಕು. ಸ್ಟೇಪ್ಲರ್ ಪಿನ್ ಮಾತ್ರ ಬೇಡ. ಕಡಲಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಂದು ಕಲೆ ಬಿಡುತ್ತದೆ, ಅದು ಪಕ್ಕದ ಪುಟಕ್ಕೂ ಇಳಿಯುತ್ತದೆ. ಟೇಪಿನ ಗತಿ ನೀವೇ ನೋಡಿದ್ದೀರಿ. ಅಂಟೇ ಬೇಕಿದ್ದರೆ ಫೆವಿಕಾಲ್, ಅಂಚಿನಲ್ಲಿ ಅರ್ಧ ಸೆಂ.ಮೀ. ಪಟ್ಟಿಯಷ್ಟು, ಬ್ರಶ್ಶಿನಲ್ಲಿ ತೆಳ್ಳಗೆ. ಒತ್ತಿದಾಗ ಹೊರಗೆ ಉಕ್ಕಿತು ಅಂದರೆ ಜಾಸ್ತಿಯಾಯಿತು. ಎರಡು ಬಿಳಿ ಕಾಗದದ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ, ಮಳೆಗಾಲವಾದರೆ ಇಡೀ ರಾತ್ರಿ ಬಿಡಿ. ನಡುವೆ ಒಮ್ಮೆ ಆ ಬಿಳಿ ಕಾಗದ ಬದಲಿಸಿ, ಚಂಡಿಯಾಗಿರುತ್ತದೆ.

ಉತ್ತರ, ಶಂಕರಪುರದಿಂದ

ನಮ್ಮದು ಮಲ್ಲಿಗೆ ಕಟ್ಟುವ ಮನೆ, ಬಾಳೆನಾರು ಯಾವಾಗಲೂ ಕೈಗೆಟಕುವಲ್ಲೇ ಇರುತ್ತದೆ. ಮಗಳ ಡೈರಿಯ ಫೋಲ್ಡರಿಗೆ ಅದರಲ್ಲೇ ಹೊಲಿಗೆ ಹಾಕಿದೆ. ನೋಡಲು ತುಂಬಾ ಚೆಂದ ಇತ್ತು. ಬೇಸಿಗೆಯಲ್ಲಿ ಒಣಗಿ ಪಟಪಟ ತುಂಡಾಯಿತು, ಮಳೆಗಾಲದಲ್ಲಿ ಉಳಿದ ಕಡೆ ಬೂಷ್ಟು. ಹೂವಿಗೆ ಒಂದು ದಿನ ಬಾಳಿದರೆ ಸಾಕು, ಡೈರಿಗೆ ಹಾಗಲ್ಲ.

ಈಗ ದಪ್ಪ ಹತ್ತಿನೂಲು ತಗೊಂಡು ಮೇಣದ ಬತ್ತಿಯ ಮೇಲೆ ಮೂರು ಸಲ ಎಳೆದು ಹೊಲಿಯುತ್ತೇನೆ. ಮೇಣ ಹಿಡಿದ ನೂಲು ತೇವ ಬೇಗ ಕುಡಿಯುವುದಿಲ್ಲ, ಗಂಟೂ ಜಾರುವುದಿಲ್ಲ. ತೂತು ಮೊದಲೇ ಸೂಜಿಯಿಂದ ಮಾಡಿಟ್ಟುಕೊಳ್ಳಿ, ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ, ಒಂದು ಬದಿಗೆ ನಾಲ್ಕು ಸಾಕು. ಹತ್ತಿರ ಹತ್ತಿರ ಜಾಸ್ತಿ ತೂತು ಮಾಡಿದರೆ ಸ್ಟಾಂಪಿನ ಅಂಚಿನ ಹಾಗೆ ಅಲ್ಲೇ ಹರಿಯುತ್ತದೆ. ನೂಲನ್ನು ಬಿಗಿಯಾಗಿ ಜಗ್ಗಬೇಡಿ.

ಉತ್ತರ, ಮಂಗಳೂರಿನಿಂದ, ಶಾಲಾ ಟೀಚರ್

ಮಕ್ಕಳ ಜೊತೆ ಪ್ರತಿ ವರ್ಷ ಇಂಥ ಫೋಲ್ಡರ್ ಮಾಡಿಸುತ್ತೇನೆ. ಕಾಗದಕ್ಕೆ ದುಡ್ಡು ಹಾಕುವ ಅಗತ್ಯ ಇಲ್ಲ. ಮದುವೆ ಕಾಗದದ ದೊಡ್ಡ ಕವರುಗಳನ್ನು ಬಿಚ್ಚಿದರೆ ಒಳ್ಳೆಯ ಹಾಳೆ ಸಿಗುತ್ತದೆ. ಹಳೆ ಗೋಡೆ ಕ್ಯಾಲೆಂಡರೂ ಆಗುತ್ತದೆ, ಆದರೆ ಚಿತ್ರ ಇರುವ ಹೊಳಪಿನ ಬದಿ ಹೊರಗಿರಲಿ. ಎರಡು ಹೊಳಪಿನ ಬದಿ ಎದುರುಬದುರು ಬಂದರೆ ತೇವಕ್ಕೆ ಒಂದಕ್ಕೊಂದು ಅಂಟುತ್ತವೆ. ಆ ಬದಿಗೆ ಅಂಟು ಹಿಡಿಯುವುದೂ ಇಲ್ಲ. ಅಂಟಿಸುವ ಪಟ್ಟಿಯಷ್ಟು ಜಾಗವನ್ನು ಸಣ್ಣ ಮರಳು ಕಾಗದದಿಂದ ಉಜ್ಜಿ ಹೊಳಪು ತೆಗೆದರೆ ಹಿಡಿಯುತ್ತದೆ. ನ್ಯೂಸ್‌ಪೇಪರ್ ಬೇಡ, ಬೇಗ ಹಳದಿಯಾಗಿ ಬರಬರುತ್ತಾ ಪುಡಿಯಾಗುತ್ತದೆ.

ಅಂಟಿನ ವಿಷಯದಲ್ಲಿ ಬೈಂಡಿಂಗ್ ಮನೆಯವರ ಮಾತಿಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನನಗೆ ಮೈದಾ ಅಂಟೇ ಇಷ್ಟ. ಎರಡು ಚಮಚ ಮೈದಾ, ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕದಡಿ, ಸಣ್ಣ ಉರಿಯಲ್ಲಿ ಗಂಜಿಯ ಹಾಗೆ ಹೊಳಪು ಬರುವವರೆಗೆ ತಿರುವುವುದು. ತಪ್ಪಾದರೆ ಒದ್ದೆ ಬಟ್ಟೆ ಇಟ್ಟು ಬಿಡಿಸಬಹುದು, ಫೆವಿಕಾಲ್ ಒಣಗಿದ ಮೇಲೆ ಹಾಗೆ ಬಿಡುವುದಿಲ್ಲ. ಅಮ್ಮನ ಡೈರಿಯಂಥ ವಸ್ತುವಿಗೆ ಬಿಡಿಸಲು ಬರುವ ಅಂಟೇ ಒಳ್ಳೆಯದು ಅಂತ ನನ್ನ ಅನಿಸಿಕೆ.

ಮತ್ತೆ ಬೈಂಡಿಂಗ್ ಮನೆಯವರು

ಟೀಚರ್ ಹೇಳಿದ್ದು ಸರಿ, ಆದರೆ ಮಾರ್ಚ್–ಏಪ್ರಿಲಿನಲ್ಲಿ. ಮೈದಾ ಅಂದರೆ ಬೆಳ್ಳಿಮೀನಿನಂಥ ಕಾಗದದ ಹುಳಕ್ಕೆ ಊಟ, ಬೂಷ್ಟಿಗೂ ಊಟ. ತಂದೆಯವರ ಕಾಲದಲ್ಲಿ ಅದಕ್ಕೇ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯುತ್ತಾರಲ್ಲ, ಅದೇ. ವಿಷ ಅದು. ಮೊಮ್ಮಗಳು ಮುಟ್ಟುವ ಪುಸ್ತಕಕ್ಕೆ ಬೇಡ. ಜೂನ್ ನಂತರ ಮಾಡುವುದಾದರೆ ಹೊಲಿಗೆಯೇ ನನ್ನ ಆಯ್ಕೆ.

ಉತ್ತರ, ಮಣಿಪಾಲದ ವಿದ್ಯಾರ್ಥಿ

ಪುಟಕ್ಕೆ ಅಂಟಿಸಲೇಬೇಡಿ ಆಂಟಿ. ನಾನು ಸ್ಕೆಚ್ ಪುಸ್ತಕಕ್ಕೆ ಮಾಡುವುದು ಹೀಗೆ: ಟೈಲರ್ ಅಂಗಡಿಯ ತೆಳು ಎಲಾಸ್ಟಿಕ್ ತಗೊಂಡು ಪುಸ್ತಕವನ್ನು ನಡುವೆ ತೆರೆದು ಬೆನ್ನಿನ ಉದ್ದಕ್ಕೆ ಸುತ್ತಿ ಗಂಟು ಹಾಕುತ್ತೇನೆ. ಫೋಲ್ಡರಿನ ನಡುಮಡಿಕೆಯನ್ನು ಆ ಎಲಾಸ್ಟಿಕ್ ಕೆಳಗೆ ತೂರಿಸಿದರೆ ಆಯ್ತು, ಪುಸ್ತಕದ ಪುಟದ ಹಾಗೇ ತಿರುಗುತ್ತದೆ. ನೋಟ್‌ಬುಕ್ ಮುಗಿದರೆ ಫೋಲ್ಡರ್ ಮುಂದಿನ ಪುಸ್ತಕಕ್ಕೆ. ಮಳೆ ಬಿಟ್ಟ ದಿನ ಹೊರತೆಗೆದು ಫ್ಯಾನಿನ ಕೆಳಗೆ ತೆರೆದಿಡಲೂಬಹುದು. ಲ್ಯಾಮಿನೇಷನ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗಟ್ಟಿಯಾದ ಪ್ಲಾಸ್ಟಿಕ್ ಮಡಿಕೆಯಲ್ಲಿ ಸೀಳಿ, ಒಳಗೆ ಹೋದ ತೇವ ಹೊರಗೆ ಬರುವುದಿಲ್ಲ. ನನ್ನ ಎರಡು ಫೋಲ್ಡರ್ ಹಾಗೇ ಹಾಳಾದವು.

ಕೇಳಿದವರು, ಹತ್ತು ದಿನದ ಮೇಲೆ

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಕೂತು ಮೂರು ಮಾಡಿದೆ. ಮೊದಲನೆಯದರಲ್ಲಿ ನೀರು ಸವರಿ ನೋಡಿದ ತುಂಡು ಕಣ್ಣೆದುರೇ ಸುರುಳಿತು, ಮಗಳು ಅದನ್ನೇ ಹತ್ತು ಸಲ ಮಾಡಿಸಿದಳು. ನಾರಿಗೆ ಅಡ್ಡ ಮಡಿಸಿದ್ದನ್ನೂ ಉದ್ದಕ್ಕೆ ಮಡಿಸಿದ್ದನ್ನೂ ಪಕ್ಕಪಕ್ಕ ಇಟ್ಟು ಅಮ್ಮನಿಗೆ ತೋರಿಸಿದೆ. ಅವರು ಉಗುರಿನಿಂದ ಎರಡನ್ನೂ ಸವರಿ ನೋಡಿ, ಇದು ದೊರಗು, ಇದು ನಯ ಅಂತ ಕೂಡಲೇ ಹೇಳಿದರು.

ಅಂಟು ಹಾಕಲಿಲ್ಲ. ಮೇಣದ ನೂಲು, ಎಲಾಸ್ಟಿಕ್ ಎರಡೂ ಸರಿಯಾಯಿತು. ಒಂದು ಕಡೆ ತಪ್ಪಿದೆ. 9.7ರ ಬದಲು 9 ಸೆಂ.ಮೀ.ಗೆ ಮಡಿಸಿದ್ದರಿಂದ ಎತ್ತರ 20.7 ಆಗಿ, ಫೋಲ್ಡರ್ ಸ್ವಲ್ಪ ಜಾರಿದರೂ ಮೂಲೆ ಹೊರಗೆ ತಾಗಿ ಆಗಲೇ ಮುದುಡಿದೆ. ಹೊಸದಾಗಿ ಮಾಡುವವರು ಈ ಅಳತೆ ಕಡೆಗಣಿಸಬೇಡಿ. ಅಮ್ಮ ಒಂದು ಫೋಲ್ಡರಿನ ಮೇಲೆ ಪೆನ್ಸಿಲಿನಲ್ಲಿ "ರಶೀದಿ", ಇನ್ನೊಂದರ ಮೇಲೆ ಮೊಮ್ಮಗಳ ಹೆಸರು ಬರೆದಿದ್ದಾರೆ. ಮೂರನೆಯದು ಖಾಲಿ ಇದೆ. ಅಪ್ಪನ ಫೋಟೋ ಅದರಲ್ಲಿ ಇಡಬೇಕು ಅಂತ ಅವರ ಆಸೆ. ಹರಿದ ಚೂರು ಜೋಡಿಸುವುದು ಹೇಗೆ? ಸೆಲ್ಲೋಟೇಪ್ ಹಾಕಬಹುದಾ?

ಬೈಂಡಿಂಗ್ ಮನೆಯವರು

ಬೇಡ ಅಕ್ಕ, ಸೆಲ್ಲೋಟೇಪ್ ಹಾಕಬೇಡಿ. ಕೆಲವೇ ವರ್ಷದಲ್ಲಿ ಅದರ ಅಂಟು ಹಳದಿಯಾಗಿ ಫೋಟೋಕ್ಕೆ ಇಳಿಯುತ್ತದೆ. ಮೊದಲು ಈಗಿರುವ ಸ್ಥಿತಿಯಲ್ಲೇ ಚೆನ್ನಾಗಿ ಸ್ಕ್ಯಾನ್ ಮಾಡಿಸಿಡಿ. ಆಮೇಲೆ ಫೋಟೋಕ್ಕೆ ಏನನ್ನೂ ಅಂಟಿಸದೆ ನಿಲ್ಲಿಸುವ ದಾರಿ ಉಂಟು.

ಫೋಟೋಗಿಂತ ಸ್ವಲ್ಪ ದೊಡ್ಡದಾದ, ಆದರೆ ಫೋಲ್ಡರಿನ ಕಿಸೆಗೆ ಹೋಗುವಂಥ ಬಿಳಿ ಡ್ರಾಯಿಂಗ್ ಶೀಟ್ ತುಂಡು ತಗೊಳ್ಳಿ. ಎರಡು ಸೆಂ.ಮೀ. ಅಗಲ, ಆರು ಸೆಂ.ಮೀ. ಉದ್ದದ ನಾಲ್ಕು ಪಟ್ಟಿ ಕತ್ತರಿಸಿ. ಪ್ರತಿ ಪಟ್ಟಿಯ ನಡುವಿನಿಂದ ಎರಡು ತುದಿಯನ್ನೂ ಕೆಳಗೆ ಇಳಿಸಿ ಮಡಿಸಿದರೆ ಮನೆಯ ಮಾಡಿನ ಹಾಗೆ ಮೂರು ಮೂಲೆಯ ಪುಟ್ಟ ಕಿಸೆ ಆಗುತ್ತದೆ. ಕೆಳಗೆ ಉಳಿದ ತುದಿ ಕತ್ತರಿಸಿ. ಇಂಥ ನಾಲ್ಕನ್ನು ಫೋಟೋದ ನಾಲ್ಕು ಮೂಲೆಗೆ ತೊಡಿಸಿ, ಕಿಸೆಯ ಬೆನ್ನಿಗೆ ಮಾತ್ರ ಅಂಟು ಮುಟ್ಟಿಸಿ ಶೀಟಿನ ಮೇಲೆ ಕೂರಿಸಿ. ಅಂಟು ಪೂರ್ತಿ ಒಣಗುವವರೆಗೆ ಫೋಟೋ ಹೊರಗಿರಲಿ. ಜಾಗ ತಪ್ಪದಿರಲು ಅಷ್ಟೇ ಅಳತೆಯ ಒಂದು ರಟ್ಟನ್ನು ಅದರ ಬದಲು ತೊಡಿಸಿಡಿ.

ಹರಿದ ಮೂಲೆಯ ಕಿಸೆಯನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡಿ. ಅದರೊಳಗೆ ಮೊದಲು ಚೂರನ್ನು ಇಟ್ಟು, ಆಮೇಲೆ ಫೋಟೋವನ್ನು ಹರಿದ ಗೆರೆಗೆ ಸರಿಯಾಗಿ ತಾಗಿಸಿ ಜಾರಿಸಿ. ಮೇಲೆ ಒಂದು ಬಟರ್ ಪೇಪರ್ ಮುಚ್ಚಿ ಕಿಸೆಯೊಳಗೆ ಇಡಿ.