ದ್ರಾಕ್ಷಿ ಚಾಟ್ನಿಯ ಕಡ್ಡಿಯಿಂದ ಬ್ರಿಕೆಟ್: ನಮ್ಮ ಭಾಗದಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ದ್ರಾಕ್ಷಿ ಬೆಳೆಗಾರ, ಗದಗ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಎಕರೆ ದ್ರಾಕ್ಷಿ ತೋಟ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಚಾಟ್ನಿ (ಬಳ್ಳಿ ಸವರುವ ಕೆಲಸ) ಮಾಡಿದಾಗ ಬೀಳುವ ಕಡ್ಡಿಯನ್ನು, ರೋಗ ತಗುಲಿದ್ದು ತೋಟದಲ್ಲಿ ಉಳಿಯಬಾರದೆಂಬ ಕಾರಣಕ್ಕೆ, ಬದುವಿಗೆ ಒಟ್ಟಿ ಸುಡುತ್ತ ಬಂದಿದ್ದೇವೆ. ಆ ಹೊಗೆ ಪಕ್ಕದ ಮನೆಗಳಿಗೆ ಹೋಗುತ್ತದೆ, ಅಷ್ಟು ಕಟ್ಟಿಗೆ ಯಾರಿಗೂ ಉಪಯೋಗವಿಲ್ಲದೆ ಬೂದಿಯಾಗುತ್ತದೆ. ಹುಬ್ಬಳ್ಳಿ ಕಡೆಯ ಕಾರ್ಖಾನೆಗಳು ಬಾಯ್ಲರ್‌ಗೆ ಬ್ರಿಕೆಟ್, ಅಂದರೆ ಬೆಳೆ ತ್ಯಾಜ್ಯದ ಪುಡಿಯನ್ನು ಒತ್ತಿ ಮಾಡಿದ ಇಂಧನದ ಗಟ್ಟಿಗಳನ್ನು, ಕೊಳ್ಳುತ್ತವೆ ಎಂದು ಕೇಳಿದ್ದೇನೆ. ಈ ಕಡ್ಡಿಯಿಂದ ಬ್ರಿಕೆಟ್ ಆಗುತ್ತದೆಯೇ, ಅದಕ್ಕಾಗಿ ನಾನೇ ಒಂದು ಯಂತ್ರ ಹಾಕಿದರೆ ಗಿಟ್ಟುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಬ್ರಿಕೆಟ್ ಘಟಕದಲ್ಲಿ ಕೆಲಸ, ಹುಬ್ಬಳ್ಳಿ

ಕಡ್ಡಿ ಒಳ್ಳೆಯ ಇಂಧನ, ಅದರಲ್ಲಿ ಸಂಶಯವಿಲ್ಲ. ಚೆನ್ನಾಗಿ ಒಣಗಿದ ಮೇಲೆ ಕಿಲೋಗೆ ಸುಮಾರು 4,000 ಕಿಲೋಕ್ಯಾಲರಿ ಶಾಖ ಕೊಡುತ್ತದೆ. ಭತ್ತದ ಹೊಟ್ಟು 3,000ದ ಆಚೀಚೆ ನಿಲ್ಲುತ್ತದೆ. ಹೊಟ್ಟಿನಲ್ಲಿ ನೂರಕ್ಕೆ 15ರಿಂದ 20ರಷ್ಟು ಬೂದಿ ಉಳಿದರೆ, ಇದರಲ್ಲಿ ಸಾಮಾನ್ಯವಾಗಿ 3ರ ಸುತ್ತ ಉಳಿಯುತ್ತದೆ.

ತೊಡಕಿರುವುದು ತೇವದಲ್ಲಿ. ಆಗತಾನೇ ಕತ್ತರಿಸಿದ ಕಡ್ಡಿಯ ತೂಕದಲ್ಲಿ ಅರ್ಧಕ್ಕೆ ಸಮೀಪ ನೀರೇ ಇರುತ್ತದೆ, ಆದರೆ ಪ್ರೆಸ್ಸಿಗೆ ಹಾಕುವಾಗ ಅದು ನೂರಕ್ಕೆ 8ರಿಂದ 12ಕ್ಕೆ ಇಳಿದಿರಬೇಕು. ಬ್ರಿಕೆಟ್‌ಗೆ ನಾವು ಯಾವ ಅಂಟನ್ನೂ ಬೆರೆಸುವುದಿಲ್ಲ. ಒತ್ತಡಕ್ಕೂ ತಿಕ್ಕಾಟದ ಬಿಸಿಗೂ ಕಟ್ಟಿಗೆಯೊಳಗೆ ಸಹಜವಾಗಿಯೇ ಇರುವ ಲಿಗ್ನಿನ್ ಎಂಬ ಪದಾರ್ಥ ಮೆತ್ತಗಾಗಿ, ಆರಿದಾಗ ಅದೇ ಪುಡಿಯನ್ನೆಲ್ಲ ಹಿಡಿದು ಗಟ್ಟಿ ಮಾಡುತ್ತದೆ. ತೇವ ಹೆಚ್ಚಿದ್ದರೆ ಆ ನೀರು ಉಗಿಯಾಗಿ ಒಳಗಿನಿಂದ ದೂಡುವುದರಿಂದ ಬ್ರಿಕೆಟ್ ಯಂತ್ರದ ಅಚ್ಚಿನಿಂದ ಹೊರಬರುವಾಗಲೇ ಅಡ್ಡಡ್ಡ ಸೀಳಿ, ಲಾರಿಯಲ್ಲಿ ಹೇರುವಷ್ಟರಲ್ಲಿ ಪುಡಿಯಾಗುತ್ತದೆ. ಸರಿಯಾಗಿ ಒತ್ತಿದ ಬ್ರಿಕೆಟ್‌ನ ಮೈ ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತದೆ, ನೀರಿಗೆ ಹಾಕಿದರೆ ತೇಲದೆ ಮುಳುಗುತ್ತದೆ.

ಏಪ್ರಿಲ್ ಚಾಟ್ನಿಯ ಕಡ್ಡಿಯನ್ನು ಬಿಸಿಲಿಗೆ ತೆಳ್ಳಗೆ ಹರಡಿದರೆ ಬೇಗ ಒಣಗುತ್ತದೆ. ಬಗ್ಗಿಸಿದಾಗ ಬಾಗದೆ ಪಟ್ಟನೆ ಮುರಿಯಬೇಕು. ಅಕ್ಟೋಬರ್‌ನದಕ್ಕೆ ಹಿಂಗಾರಿನ ಮೋಡ ಅಡ್ಡ ಬರುವುದರಿಂದ ಶೆಡ್ಡಿನ ಆಸರೆ ಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಬಳ್ಳಿ ಕಟ್ಟಿದ ಪ್ಲಾಸ್ಟಿಕ್ ಸುತಳಿಯನ್ನೂ ತಂತಿಯ ತುಂಡನ್ನೂ ತೋಟದಲ್ಲಿಯೇ ಆರಿಸಿ ತೆಗೆಯಿರಿ. ಸುತಳಿ ಪುಡಿ ಮಾಡುವ ಯಂತ್ರದ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ತಂತಿ ಬ್ಲೇಡನ್ನು ಹಾಳು ಮಾಡುತ್ತದೆ.

ಯಂತ್ರದ ವಿಚಾರಕ್ಕೆ ಬಂದರೆ, ದಯವಿಟ್ಟು ಒಬ್ಬರೇ ಸಾಲ ಮಾಡಿ ಹಾಕಬೇಡಿ. ಗಂಟೆಗೆ 500 ಕಿಲೋ ಒತ್ತುವ ಯಂತ್ರ 8 ಗಂಟೆ ನಡೆದರೆ ದಿನಕ್ಕೆ 4 ಟನ್ ಒಣ ಮಾಲು ಬೇಕು. ಮೂರು ಎಕರೆಯ ಎರಡೂ ಚಾಟ್ನಿಯ ಕಡ್ಡಿ ಅದಕ್ಕೆ ಕೆಲವೇ ದಿನಗಳ ಮೇವು. ವರ್ಷದ ಉಳಿದ ದಿನಗಳಲ್ಲಿ ಯಂತ್ರ ನಿಂತಿರುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಉತ್ತರ 2: ಹತ್ತಿ ಮತ್ತು ಮೆಕ್ಕೆಜೋಳದ ರೈತ, ಹಾವೇರಿ ಜಿಲ್ಲೆ

ಮೇಲಿನವರ ಮಾತಿಗೆ ನನ್ನದೊಂದು ಸೇರ್ಪಡೆ. ಕೊರತೆ ಮಾಲಿನದಾದರೆ ಅದನ್ನು ನಮ್ಮಂಥವರ ಹೊಲ ತುಂಬಬಲ್ಲದು. ಕೊನೆಯ ಬಿಡಿಸುವಿಕೆ ಮುಗಿದ ಮೇಲೆ ಹತ್ತಿ ಕಟ್ಟಿಗೆ ಹೊಲದಲ್ಲಿಯೇ ನಿಂತರೆ ಗುಲಾಬಿ ಕಾಯಿಕೊರಕ ಅದರಲ್ಲಿ ಉಳಿದ ಕಾಯಿಗಳಲ್ಲಿ ಅಡಗಿ ಮುಂದಿನ ಬೆಳೆಗೆ ದಾಟುತ್ತದೆ. ಆದ್ದರಿಂದ ಅದನ್ನು ಕಿತ್ತು ಸಾಗಿಸುವುದು ನಮಗೂ ಬೇಕಾದ ಕೆಲಸವೇ. ಹತ್ತಿ ಕಟ್ಟಿಗೆಯಿಂದ ಬ್ರಿಕೆಟ್ ಮತ್ತು ಪೆಲೆಟ್ (ಒತ್ತಿ ಮಾಡಿದ ಸಣ್ಣ ಇಂಧನ ಗುಳಿಗೆ) ಮಾಡುವ ಕ್ರಮವನ್ನು ಹತ್ತಿ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಸಿರ್ಕಾಟ್ ಬಹಳ ಹಿಂದಿನಿಂದ ರೈತರಿಗೆ ಪರಿಚಯಿಸುತ್ತ ಬಂದಿದೆ. ಬೇಸಿಗೆಯ ಮೊದಲು ಹತ್ತಿ ಕಟ್ಟಿಗೆ, ಏಪ್ರಿಲ್‌ನಲ್ಲಿ ನಿಮ್ಮ ಕಡ್ಡಿ, ಮುಂಗಾರು ಬೆಳೆ ಒಕ್ಕಿದ ಮೇಲೆ ಮೆಕ್ಕೆಜೋಳದ ಬೆಂಡು, ಹೀಗೆ ಒಂದರ ಹಿಂದೆ ಒಂದು ಬಂದರೆ ಯಂತ್ರಕ್ಕೆ ವರ್ಷದ ಬಹುಪಾಲು ಕೆಲಸ ಸಿಗುತ್ತದೆ. ರೈತ ಉತ್ಪಾದಕ ಕಂಪನಿ ಮೊದಲಿಗೆ ಟ್ರ್ಯಾಕ್ಟರ್‌ಗೆ ಜೋಡಿಸುವ ಪುಡಿ ಮಾಡುವ ಯಂತ್ರವನ್ನಷ್ಟೇ ಕೊಂಡು, ಒಣ ಪುಡಿಯನ್ನು ಈಗಾಗಲೇ ಇರುವ ಘಟಕಕ್ಕೆ ಮಾರಿ ನೋಡುವುದು ಸುರಕ್ಷಿತ ದಾರಿ ಎಂದು ನನ್ನ ಅಭಿಪ್ರಾಯ. ಹಗುರಾದ ಮಾಲಾದ್ದರಿಂದ ದೂರ ಸಾಗಿಸಿದಷ್ಟೂ ಬಾಡಿಗೆಯೇ ಲಾಭವನ್ನು ತಿನ್ನುತ್ತದೆ. ಘಟಕ ಎಷ್ಟು ಹತ್ತಿರವಿದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಯಂತ್ರದ ವಿಚಾರವನ್ನು ಕೈಬಿಟ್ಟು ನಮ್ಮ ಭಾಗದ ಬೆಳೆಗಾರರನ್ನು ಕೂಡಿಸುತ್ತೇನೆ. ಆದರೆ ರೋಗ ತಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ಮಿಶ್ರಣವನ್ನು ಮತ್ತೆ ಮತ್ತೆ ಹೊಡೆದ ಕಡ್ಡಿಯಿದು. ಕೆಲವು ಕಡೆ ತೊಗಟೆಯ ಮೇಲೆ ನೀಲಿ ಕಲೆ ಈಗಲೂ ಕಾಣುತ್ತದೆ. ಇದನ್ನು ಮನೆಯ ಒಲೆಗೆ ಹಾಕಬಹುದೇ? ಬೂದಿಯನ್ನು ತೋಟಕ್ಕೆ ಹಾಕಬಹುದೇ?

ಉತ್ತರ 3: ನಿವೃತ್ತ ಮಣ್ಣು ಪರೀಕ್ಷಕ, ಧಾರವಾಡ

ತಾವು ಕೇಳಿದ್ದು ಬಹಳ ಮುಖ್ಯ ವಿಷಯ. ತಾಮ್ರ ಸುಟ್ಟು ಹೋಗುವ ವಸ್ತುವಲ್ಲ. ನೂರು ಕಿಲೋ ಒಣ ಕಡ್ಡಿ ಉರಿದು ಮೂರು ಕಿಲೋ ಬೂದಿ ಉಳಿದರೆ, ಕಡ್ಡಿಯಲ್ಲಿದ್ದ ತಾಮ್ರದ ಬಹುಪಾಲು ಆ ಮೂರು ಕಿಲೋದಲ್ಲಿಯೇ ಸೇರಿಕೊಂಡು ಮೂವತ್ತು ಪಟ್ಟಿನ ಹತ್ತಿರಕ್ಕೆ ಗಾಢವಾಗುತ್ತದೆ. ಮನೆಬಳಕೆಯ ಕಟ್ಟಿಗೆ ಪೆಲೆಟ್‌ಗಳಿಗಿರುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ತಾಮ್ರದ ಮಿತಿ ಕಿಲೋಗೆ 10 ಮಿಲಿಗ್ರಾಂ. ದ್ರಾಕ್ಷಿ ಕಡ್ಡಿ ಅದನ್ನು ಮೀರುವುದು ಸಾಮಾನ್ಯ. ಆದ್ದರಿಂದ ರೊಟ್ಟಿ ಬೇಯಿಸುವ ಒಲೆಗೆ ಬೇಡ, ಹೊಗೆ ಸೋಸುವ ವ್ಯವಸ್ಥೆಯಿರುವ ಕಾರ್ಖಾನೆಯ ಬಾಯ್ಲರ್‌ಗೆ ಹೋಗಲಿ.

ಬೂದಿಯನ್ನು ತೋಟಕ್ಕೆ ಹಾಕಬೇಡಿ. ಅದರಲ್ಲಿ ಪೊಟ್ಯಾಷ್ ಇದೆ, ನಿಜ. ಆದರೆ ಗದಗಿನ ಎರೆ ಭೂಮಿ ಮೊದಲೇ ಕ್ಷಾರದ ಕಡೆಗಿದೆ, ಬೂದಿಯೂ ಕ್ಷಾರವೇ; ಅದರ ಮೇಲೆ, ವರ್ಷಗಟ್ಟಲೆ ಬೋರ್ಡೋ ಉಂಡ ಮಣ್ಣಿಗೆ ಮತ್ತೆ ತಾಮ್ರವನ್ನು ಸೇರಿಸಿದಂತಾಗುತ್ತದೆ.

ರೋಗವಿಲ್ಲದ ಕಡ್ಡಿಯ ಬಗ್ಗೆ ಮಾತ್ರ ನನ್ನ ಆಲೋಚನೆ ಬೇರೆ. ನಮ್ಮ ಬಯಲು ಸೀಮೆಯ ಮಣ್ಣಿಗೆ ಸಾವಯವ ಅಂಶ ಬೇಕಾಗಿರುವಾಗ ಎಲ್ಲವನ್ನೂ ಬಾಯ್ಲರ್‌ಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಸಣ್ಣಗೆ ಕತ್ತರಿಸಿ ಡ್ರಿಪ್ ಸಾಲಿನ ಮೇಲೆ ಹೊದಿಕೆಯಾಗಿ ಹಾಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ; ಮಣ್ಣಿನೊಳಗೆ ಬೆರೆಸಿದರೆ ಕೊಳೆಯುವಾಗ ಬಳ್ಳಿಯ ಸಾರಜನಕವನ್ನು ಕಸಿಯುವುದರಿಂದ ಮೇಲೆಯೇ ಇರಲಿ. ರೋಗದ ಕಡ್ಡಿಯನ್ನು ಮಾತ್ರ ಬೇರೆ ಒಟ್ಟಿ ಇಂಧನಕ್ಕೆ ಕೊಡಿ. ಅದಕ್ಕೂ ಮೊದಲು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ, ಮಾದರಿಯ ಚೀಟಿಯಲ್ಲಿ ತಾಮ್ರದ ಪ್ರಮಾಣವೂ ಬೇಕೆಂದು ಬರೆಸಿ.